ಚಿತ್ತೆ ಮಳೆಯ ನಡುವೆ ಒಂದು ಬೆಟ್ಟ

(ಬಾನುಲಿ ಭಾಷಣ)

ಮಲೆನಾಡಿನ ಅಂಚಿನಲ್ಲಿರುವ ನಮ್ಮ ಕಡೆ ವರ್ಷವನ್ನು ತಿಂಗಳುಗಳ ಲೆಕ್ಕದಲ್ಲಿ ಹೇಳುವವರಿಗಿಂತ ಮಳೆಗಳ ಲೆಕ್ಕದಲ್ಲಿ ಹೇಳುವವರೇ ಹಿಂದೆ ಹೆಚ್ಚಾಗಿದ್ದರು. ಹಳ್ಳಿಗಳಲ್ಲಿ ಈಗಲೂ ಅಂಥವರಿದ್ದಾರೆ. ಆರಿದ್ರೆಯಿಂದ ಆಶ್ಲೇಷೆಯವರೆಗೆ ಬೆಟ್ಟವೆಂಬುದು ನಮಗೆ ಕಣ್ಣಿಗೆ ಕಾಣುವ ವಸ್ತುವಲ್ಲ. ಬೆಟ್ಟವಿದ್ದ ಕಡೆ ಬೂದು ಬಣ್ಣದ ಗೋಡೆಯೊಂದು ನಿಂತಿರುತ್ತದೆ, ಅದರ ಹಿಂದಿನಿಂದ ಗಾಳಿಯ ಸದ್ದು ಬರುತ್ತಿರುತ್ತದೆ, ಅಷ್ಟೆ. ಮಘೆ, ಹುಬ್ಬೆಗಳು ಕಳೆದು ಉತ್ತರೆ, ಹಸ್ತೆಗಳು ಬಂದಾಗ ಆ ಗೋಡೆಯಲ್ಲಿ ಅಲ್ಲಲ್ಲಿ ಕಿಟಕಿಗಳು ತೆರೆಯುತ್ತವೆ. ಚಿತ್ತೆ ಹುಟ್ಟುವ ಹೊತ್ತಿಗೆ, ಎಂದರೆ ಅಕ್ಟೋಬರಿನ ಎರಡನೆಯ ವಾರದಲ್ಲಿ, ಒಂದು ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಗೋಡೆಯೇ ಇಲ್ಲ. ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ ಬೆಟ್ಟ ಅಲ್ಲೇ ಹತ್ತಿರದಲ್ಲಿ ಕುಳಿತಿದೆ.

ಹೀಗೆ ಹತ್ತಿರ ಬಂದಂತೆ ಕಾಣುವುದು ಬರಿಯ ಕವಿಕಲ್ಪನೆಯಲ್ಲ. ನಾಲ್ಕು ತಿಂಗಳ ಮಳೆ ಗಾಳಿಯಲ್ಲಿದ್ದ ಧೂಳನ್ನೆಲ್ಲ ಕೆಳಗಿಳಿಸಿರುತ್ತದೆ. ಬೇಸಗೆಯ ಹೊಗೆ ಇನ್ನೂ ಎದ್ದಿರುವುದಿಲ್ಲ. ದೂರದ ವಸ್ತುಗಳ ಅಂಚು ಚೂಪಾಗಿ ಕಾಣುವುದರಿಂದ ಅವು ಸಮೀಪದಲ್ಲಿವೆಯೆಂದು ಕಣ್ಣು ತಿಳಿದುಕೊಳ್ಳುತ್ತದೆ. ಜನ ಸಾಮಾನ್ಯವಾಗಿ ಬೆಟ್ಟಕ್ಕೆ ಹೋಗುವುದು ಏಪ್ರಿಲ್ ಮೇ ತಿಂಗಳಲ್ಲಿ, ತಂಪನ್ನು ಹುಡುಕಿಕೊಂಡು. ಆಗ ತಂಪು ಸಿಕ್ಕುತ್ತದೆ, ನಿಜ, ಬೆಟ್ಟ ಸಿಕ್ಕುವುದಿಲ್ಲ. ಹುಲ್ಲು ಒಣಗಿ ಎಷ್ಟೋ ಕಡೆ ಸುಟ್ಟಿರುತ್ತದೆ, ಕಣಿವೆಯ ತುಂಬ ಮಬ್ಬು ಕವಿದಿರುತ್ತದೆ. ನನ್ನನ್ನು ಕೇಳಿದರೆ ಬೆಟ್ಟವನ್ನು ನೋಡಬೇಕಾದದ್ದು ಶರತ್ಕಾಲದಲ್ಲಿ, ಮೈಯೆಲ್ಲ ಹಸಿರಾಗಿದ್ದು ಒಳಗೆಲ್ಲ ನೀರು ತುಂಬಿಕೊಂಡಿರುವಾಗ.

ಸುಮ್ಮನೆ ಬೆಟ್ಟ ಹತ್ತುವುದು ನಮ್ಮ ಪದ್ಧತಿಯಲ್ಲ, ಅದು ಬಿಳಿಯ ದೊರೆಗಳಿಂದ ಕಲಿತ ಚಾಳಿ ಎಂದು ಹೇಳುವವರುಂಟು. ಅಂಥವರು ಒಂದು ಸಲ ದೀಪಾವಳಿಗೆ ಚಿಕ್ಕಮಗಳೂರಿಗೆ ಬರಬೇಕು. ಊರಿಗೆ ಸಮೀಪದ ಮಲ್ಲೇನಹಳ್ಳಿಯ ಬಳಿ ಬಿಂಡಿಗದ ದೇವೀರಮ್ಮನ ಬೆಟ್ಟವಿದೆ. ನರಕ ಚತುರ್ದಶಿಯ ಹಿಂದಿನ ರಾತ್ರಿಯಿಂದಲೇ ಸಾವಿರಾರು ಜನ, ಮುದುಕರು, ಮಕ್ಕಳು, ಹೆಂಗಸರು, ಆ ಕಡಿದಾದ ಬೆಟ್ಟವನ್ನು ಬರಿಗಾಲಿನಲ್ಲಿ ಹತ್ತುತ್ತಾರೆ. ಅವರಲ್ಲಿ ಸೌದೆಯ ತುಂಡು ಹೊತ್ತವರು, ತುಪ್ಪ ತಂದವರು, ಹರಕೆಯ ಬಟ್ಟೆ ಹಿಡಿದವರು ಇರುತ್ತಾರೆ. ಬೆಟ್ಟದ ನೆತ್ತಿಯ ಮೇಲೆ ಹೊತ್ತಿಸುವ ದೀಪ ಸುತ್ತಿನ ಊರುಗಳಿಗೆ ಕಾಣುತ್ತದೆ. ಆ ರಾತ್ರಿ ಏರುವವರಲ್ಲಿ ಯಾರೂ ತಾವು ಸಾಹಸ ಮಾಡುತ್ತಿದ್ದೇವೆಂದು ತಿಳಿದಿರುವುದಿಲ್ಲ. ಹಿಂದಿನವನು ಮುಂದಿನವನ ಬೆನ್ನಿಗೆ ಕೈ ಕೊಡುತ್ತಾನೆ, ಕೂತವರಿಗೆ ಹೋಗುವವರು ನೀರು ಕೊಡುತ್ತಾರೆ. ಬೆಟ್ಟ ಹತ್ತುವ ವಿದ್ಯೆಯ ಮುಖ್ಯ ಪಾಠಗಳೆಲ್ಲ ಅಲ್ಲೇ ಇವೆ.

ಆದರೆ ನಾನು ಈ ದಿನ ಹೇಳಹೊರಟಿರುವುದು ಆ ಬೆಟ್ಟದ ಮಾತಲ್ಲ, ಅದರ ನೆರೆಯ ಮುಳ್ಳಯ್ಯನಗಿರಿಯದು. ಚಂದ್ರದ್ರೋಣವೆಂದು ಹೆಸರಾದ, ಬಾಗಿದ ಲಾಳದ ಆಕಾರದ ಗಿರಿಶ್ರೇಣಿಯಲ್ಲಿ ಇದು ಅತ್ಯಂತ ಎತ್ತರದ ಶಿಖರ. ಕರ್ನಾಟಕಕ್ಕೆಲ್ಲ ಎತ್ತರದ್ದೂ ಇದೇ. ಸುಮಾರು 1,930 ಮೀಟರು, ಹಳೆಯ ಲೆಕ್ಕದಲ್ಲಿ 6,300 ಅಡಿಗೆ ಮೇಲೆ. ಇಷ್ಟು ಎತ್ತರವನ್ನು ಕೇಳಿ ಹೆದರಬೇಕಾಗಿಲ್ಲ. ಚಿಕ್ಕಮಗಳೂರೇ ಮೂರೂವರೆ ಸಾವಿರ ಅಡಿಯ ಸುಮಾರಿನಲ್ಲಿದೆ. ಅರ್ಧಕ್ಕಿಂತ ಹೆಚ್ಚನ್ನು ಊರೇ ನಮಗಾಗಿ ಹತ್ತಿಕೊಟ್ಟಿದೆ. ಉಳಿದದ್ದರಲ್ಲಿ ಬಹುಪಾಲನ್ನು ಬಸ್ಸೋ ಜೀಪೋ ಹತ್ತುತ್ತದೆ. ಸೀತಾಳಯ್ಯನಗಿರಿಯನ್ನು ಹಾದು ರಸ್ತೆ ಮೆಟ್ಟಿಲುಗಳ ಬುಡದವರೆಗೂ ಹೋಗುತ್ತದೆ. ಅಲ್ಲಿಂದ ನಾನೂರು ಐನೂರು ಮೆಟ್ಟಿಲು ಹತ್ತಿದರೆ ಮುಳ್ಳಪ್ಪಸ್ವಾಮಿಯ ಗುಡಿ. ನಡೆಯಬಲ್ಲವರಿಗೆ ಮಾತ್ರ ಇನ್ನೊಂದು ದಾರಿಯಿದೆ. ಕೈಮರ ದಾಟಿದ ಮೇಲೆ ರಸ್ತೆಯನ್ನು ಬಿಟ್ಟು ಹುಲ್ಲಿನ ಮೈಮೇಲೆ ಬಳುಕುತ್ತ ಏರುವ ಕಾಲುದಾರಿ ಅದು. ಸರ್ಪದಾರಿ ಎಂದು ಅದರ ಹೆಸರು. ನಾಲ್ಕು ಕಿಲೋಮೀಟರಿನ ಆಸುಪಾಸಿನ ನಡಿಗೆ. ಹುಡುಗರು ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ. ನಾವು ಮೂರೂವರೆ ಗಂಟೆ ತೆಗೆದುಕೊಂಡೆವು. ಆ ಮೂರೂವರೆ ಗಂಟೆಯ ಸಮಾಚಾರವೇ ಈ ಮಾತು.

ನಾವು ನಾಲ್ವರು ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು, ಈಗ ಎಲ್ಲರೂ ಅರವತ್ತು ದಾಟಿದವರು. ನಾನು ಇಲ್ಲಿಯವನು. ಒಬ್ಬ ಬೇಲೂರಿನ ಕಡೆಯವನು, ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಇನ್ನೊಬ್ಬ ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಅಲ್ಲಿಯೇ ನೆಲಸಿದವನು. ಅವನ ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರವೊಂದಿದೆ, ಅದು ಗಂಟೆಗೊಮ್ಮೆ ಅವನನ್ನು ಹೊಗಳುತ್ತದೆ. ನಾಲ್ಕನೆಯವನು ಹಿರಿಯೂರಿನ ಹತ್ತಿರದ ತೋಟಗಾರ. 2022ನೆಯ ಇಸವಿಯ ಅಕ್ಟೋಬರಿನಲ್ಲಿ, ದೀಪಾವಳಿಗೆ ಮುಂಚಿನ ಒಂದು ವಾರದ ದಿನ ಹೊರಟೆವು. ಆ ವರ್ಷ ಶನಿವಾರ ಭಾನುವಾರಗಳಲ್ಲಿ ಗಿರಿಗೆ ಕಾಲಿಡುವ ಹಾಗಿರಲಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಚಂದ್ರದ್ರೋಣದ ಇಳಿಜಾರುಗಳಲ್ಲಿ ಅರಳಿತ್ತು. ಅದನ್ನು ನೋಡಲು ನಾಡೇ ಬಂದಿತ್ತು.

ಹಿರಿಯೂರಿನವನಿಗೆ ಮಂಡಿನೋವು. ಬಯಲಿನಲ್ಲಿ ಗಾವುದ ನಡೆದಾನು, ಏರುವುದು ಕಷ್ಟ. ಅವನನ್ನು ಜೀಪಿನಲ್ಲಿ ಮೇಲೆ ಕಳಿಸಿ ನಾವು ಮೂವರು ನಡೆದುಹೋಗುವುದೆಂದು ಬೆಂಗಳೂರಿನವನು ಸೂಚಿಸಿದ. ಹಿರಿಯೂರಿನವನು, “ನಾನೇನು ಮೂಟೆಯೇನೋ? ನಡೆದೇ ಬರ್ತೀನಿ, ನೀವು ಕಾಯಬೇಡಿ,” ಎಂದ. ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂಬುದು ನಮ್ಮ ಮೇಷ್ಟ್ರಿಗೆ ಗೊತ್ತಿತ್ತು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡುಹೋದ ಅನುಭವ. ಎಲ್ಲರಿಗಿಂತ ನಿಧಾನವಾಗಿ ನಡೆಯುವವನನ್ನು ಸಾಲಿನ ಮುಂದಕ್ಕೆ ಹಾಕಬೇಕು. ಹಿಂದೆ ಹಾಕಿದರೆ ಅವನು ಏದುಸಿರು ಬಿಡುತ್ತ ಬಂದು ಸೇರುವ ಹೊತ್ತಿಗೆ ಮುಂದಿನವರ ದಣಿವು ಆರಿರುತ್ತದೆ, ಅವರು ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವನಿಗೆ ಮಾತ್ರ ವಿಶ್ರಾಂತಿಯಿಲ್ಲ. ಮುಂದೆ ಹಾಕಿದರೆ ಅವನ ಹೆಜ್ಜೆಯೇ ಎಲ್ಲರ ಹೆಜ್ಜೆ. ಹೀಗೆ ಹಿರಿಯೂರಿನವನು ನಮ್ಮ ನಾಯಕನಾದ. ಹೆಜ್ಜೆ ಎಣಿಸುವ ಗಡಿಯಾರ ಅರ್ಧ ಗಂಟೆಯಲ್ಲೇ ಮುನಿಸಿಕೊಂಡು, ಅದರ ಒಡೆಯ ಮಲಗಿದ್ದಾನೋ ಏನೋ ಎಂದು ವಿಚಾರಿಸಿತಂತೆ.

ಮೆಲ್ಲಗೆ ನಡೆಯುವುದರಲ್ಲಿ ಒಂದು ಲಾಭವಿದೆ. ಕಾಲು ಕೆಲಸ ಮಾಡುತ್ತಿರುವಾಗಲೂ ಕಣ್ಣಿಗೆ ಪುರಸೊತ್ತು ಇರುತ್ತದೆ. ಊರಿನಿಂದ ಬರುವ ದಾರಿಯಲ್ಲಿ ಎರಡು ಕಡೆಯೂ ಕಾಫಿ ತೋಟ. ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನೀವೆಲ್ಲ ಕೇಳಿದ್ದೀರಿ. ಅಕ್ಟೋಬರಿನಲ್ಲಿ ಕಾಯಿ ಇನ್ನೂ ಹಸಿರು. ಎಲ್ಲೋ ಒಂದೊಂದು ಕೆಂಪಗಾಗಿ ಕಾರ್ತಿಕದ ಕೊಯ್ಲನ್ನು ನೆನಪಿಸುತ್ತದೆ. ತೋಟ ಮುಗಿದು ಸರ್ಪದಾರಿ ಹಿಡಿದರೆ ಮರಗಳು ಹಿಂದೆ ಸರಿದು ಹುಲ್ಲು ಸೊಂಟದೆತ್ತರ ನಿಂತಿರುತ್ತದೆ. ಹುಲ್ಲೆಂದರೆ ಒಂದೇ ಬಗೆಯೆಂದು ತಿಳಿಯಬೇಡಿ. ಕೆಲವು ತೆನೆಬಿಟ್ಟು ಕೆಂಪಾಗಿವೆ, ಕೆಲವು ಬೆಳ್ಳಿಯ ಹಾಗೆ ಹೊಳೆಯುತ್ತವೆ. ಬುಡದಲ್ಲಿ ಕಾಡು ಕರ್ಣಕುಂಡಲದ ನಸುಗೆಂಪು ಹೂ, ಕಲ್ಲಿನ ಸಂದಿಯಲ್ಲಿ ಪಾಚಿ, ಪಾಚಿಯ ತುದಿಯಲ್ಲಿ ಸಾಸಿವೆಯಷ್ಟು ನೀರು. ಇಂಬಳ ಇಲ್ಲವೇ ಎಂದು ನೀವು ಕೇಳಬಹುದು. ಮಳೆಗಾಲದಷ್ಟು ಇಲ್ಲ. ಮೂರು ನಾಲ್ಕು ನಮ್ಮ ಪರಿಚಯ ಮಾಡಿಕೊಂಡವು; ಸುಣ್ಣ, ಹೊಗೆಸೊಪ್ಪು ಕಂಡು ಹಿಂದಿರುಗಿದವು. ಬೆಂಗಳೂರಿನವನ ಕಾಲುಚೀಲದೊಳಗೆ ಹೊಕ್ಕದ್ದು ಮಾತ್ರ ಕೊನೆಯವರೆಗೆ ಪ್ರಯಾಣ ಮಾಡಿತು.

ಸುಮಾರು ಅರ್ಧ ದಾರಿಯಲ್ಲಿ ಬೆಟ್ಟದ ಮಡಿಕೆಯೊಂದರಲ್ಲಿ ಕುಳ್ಳು ಮರಗಳ ಗುಂಪು. ಮೇಲೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಒತ್ತಾದ ಕಾಡು, ಇದು ಪಶ್ಚಿಮಘಟ್ಟದ ಎತ್ತರದ ಬೆಟ್ಟಗಳ ಲಕ್ಷಣ. ಅದಕ್ಕೆ ಶೋಲಾ ಎಂದು ಹೆಸರು. ಕಾಡಿನ ಕೆಳಗಿನಿಂದ ಕೈಬೆರಳಿನಷ್ಟು ದಪ್ಪದ ನೀರಿನ ಧಾರೆಯೊಂದು ದಾರಿಗೆ ಅಡ್ಡವಾಗಿ ಹರಿಯುತ್ತಿತ್ತು. ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಹಿರಿಯೂರಿನವನು ಬಗ್ಗಿ ಕೈಯೊಡ್ಡಿ ಕುಡಿದ, ಮುಖ ತೊಳೆದುಕೊಂಡ, ಮತ್ತೆ ನೋಡಿದ.

“ಮಳೆ ನಿಂತಿದೆ. ಇಲ್ಲಿ ಮೇಲೆ ಕೆರೆ ಇಲ್ಲ, ಕಟ್ಟೆ ಇಲ್ಲ. ಈ ನೀರು ಎಲ್ಲಿಂದ ಬರ್ತದೆ?” ಎಂದು ಕೇಳಿದ.

“ಎಲ್ಲಿಂದ ಬಂದರೇನು, ಹೋಗೋದು ಮಾತ್ರ ನಮ್ಮೂರಿಗೆ,” ಎಂದ ಬೇಲೂರಿನ ಮೇಷ್ಟ್ರು. “ದಕ್ಷಿಣಕ್ಕೆ ಹರೀತಾ ಇದೆ ನೋಡು. ಇದು ಯಗಚಿ. ನಿನ್ನ ಕೈಯಲ್ಲಿರೋದು ನಮ್ಮ ನೀರು, ಲೆಕ್ಕ ಇಟ್ಕೊಂಡಿರ್ತೀನಿ.”

ಯಗಚಿ ಹೊಳೆ ಈ ಗಿರಿಗಳಲ್ಲಿ ಹುಟ್ಟಿ, ಚಿಕ್ಕಮಗಳೂರಿನ ಪಕ್ಕದಲ್ಲಿ ಸಾಗಿ, ಬೇಲೂರನ್ನು ಮುಟ್ಟಿ, ಗೊರೂರಿನ ಸಮೀಪ ಹೇಮಾವತಿಯನ್ನು ಕೂಡುತ್ತದೆ. ಹೇಮಾವತಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಷ್ಟನ್ನು ಮೇಷ್ಟ್ರು ಪಾಠದ ಧಾಟಿಯಲ್ಲಿ ಹೇಳಿ ಮುಗಿಸುತ್ತಲೂ ಬೆಂಗಳೂರಿನವನು ನಡುವೆ ಬಾಯಿ ಹಾಕಿದ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಯಂತ್ರಗಳು ಎತ್ತಿ ಸುಮಾರು ನೂರು ಕಿಲೋಮೀಟರು ಆಚೆಯ ಬೆಂಗಳೂರಿನ ನಲ್ಲಿಗೆ ತರುತ್ತವಲ್ಲ, ಹಾಗಾದರೆ ಈ ಧಾರೆಯ ಒಂದು ಬೊಟ್ಟಾದರೂ ತನ್ನದು ಎಂದು ಅವನ ವಾದ. ಇಬ್ಬರೂ ವಕೀಲರಂತೆ ವಾದಿಸುತ್ತಿದ್ದರೆ ಹಿರಿಯೂರಿನವನು, “ಹಾಗಾದರೆ ನಮ್ಮದು ಯಾವುದು?” ಎಂದ. ಮೆಲ್ಲಗೆ ಕೇಳಿದ; ಆದರೂ ಇಬ್ಬರ ವಾದವೂ ನಿಂತಿತು. ಅವನ ಪ್ರಶ್ನೆ ತಮಾಷೆಯದಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಅವನ ತೋಟಕ್ಕೆ ನೀರು ಮಾರಿಕಣಿವೆಯದು. ವಾಣಿವಿಲಾಸ ಸಾಗರವೆಂದು ಸರಕಾರದ ಹೆಸರು. 1898ರಲ್ಲಿ ಪ್ರಾರಂಭಿಸಿ 1907ರಲ್ಲಿ ಮೈಸೂರು ಸಂಸ್ಥಾನ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ಮಳೆ ಕಡಿಮೆಯಾದ ಚಿತ್ರದುರ್ಗದ ಸೀಮೆಯಲ್ಲಿ ತೆಂಗು, ಅಡಿಕೆ ಬೆಳೆಯುವ ಪಟ್ಟಿಯೊಂದು ಹುಟ್ಟಿಕೊಂಡದ್ದು ಅದರಿಂದ. ಪೂರ್ತಿ ತುಂಬಿದರೆ ನೀರಿನ ಮಟ್ಟ 130 ಅಡಿ. ಆದರೆ ತುಂಬುವುದೆಲ್ಲಿ ಬಂತು! 1933ರಲ್ಲಿ ಒಂದು ಸಲ ಕೋಡಿ ಬಿದ್ದದ್ದು, ಆ ಮೇಲೆ ಎರಡು ತಲೆಮಾರಿನವರಿಗೆ ಅದು ಅಜ್ಜ ಹೇಳುವ ಕತೆಯಾಗಿ ಉಳಿಯಿತು. ಕಳೆದ ದಶಕದ ಬರಗಾಲದ ವರ್ಷಗಳಲ್ಲಂತೂ ಸಾಗರದ ನೀರು ತಳ ಕಂಡಿತು. ಹಿರಿಯೂರಿನ ಸುತ್ತ ತೆಂಗಿನ ತೋಟಗಳು ನಿಂತಲ್ಲಿಯೇ ಒಣಗಿದವು. ನಮ್ಮ ಗೆಳೆಯನ ತೋಟ ಅವನ ತಂದೆ ಹಾಕಿದ್ದು. ಕೊಳವೆಬಾವಿ ಕೊರೆಸಿದ, ಟ್ಯಾಂಕರಿನಲ್ಲಿ ನೀರು ಹೊಯ್ಸಿದ. ಹತ್ತರಲ್ಲಿ ಏಳು ಮರ ಹೋಯಿತು. ಗರಿಗಳು ಒಂದೊಂದಾಗಿ ಜೋತುಬಿದ್ದು ಕೊನೆಗೆ ಸುಳಿಯೂ ಬಾಡಿ, ಬರಿಯ ಕಂಬಗಳು ಸಾಲುಸಾಲಾಗಿ ನಿಂತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ದಿನಗಳಲ್ಲಿ ಅವನು ಊಟದ ಮನೆಯಲ್ಲಿ ಕುಳಿತರೂ ತೋಟದ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದ. ಬೆಟ್ಟಕ್ಕೆ ಬಾ ಎಂದು ನಾವು ಐದಾರು ವರ್ಷ ಕರೆದಿದ್ದೆವು, ಬಂದಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ಮಾರಿಕಣಿವೆ ಕೋಡಿ ಬಿತ್ತು. ಬಾಗಿನ, ಜಾತ್ರೆ, ಜನಸಾಗರ. ಆ ಮೇಲೆ ತಾನಾಗಿಯೇ ದೂರವಾಣಿ ಮಾಡಿ, “ಈ ಸಲ ಬರ್ತೀನಿ ಕಣಯ್ಯಾ,” ಎಂದ.

ನೀರು ಎಲ್ಲಿಂದ ಬರುತ್ತದೆಂಬ ಅವನ ಮೊದಲ ಪ್ರಶ್ನೆಗೆ ಉತ್ತರ ಅವನ ಕಾಲ ಕೆಳಗೇ ಇತ್ತು. ಮಳೆಯ ಹನಿ ಬೋಳು ನೆಲದ ಮೇಲೆ ಬಿದ್ದರೆ ಮಣ್ಣನ್ನು ಗುದ್ದಿ ಎಬ್ಬಿಸಿ, ಅದನ್ನೂ ಹೊತ್ತುಕೊಂಡು ಓಡುತ್ತದೆ. ಹುಲ್ಲಿನ ಮೇಲೆ ಬಿದ್ದರೆ ಎಲೆಯಿಂದ ಜಾರಿ, ಬುಡದಲ್ಲಿ ತಡೆದು, ಜಡೆಯಂತೆ ಹೆಣೆದ ಬೇರುಗಳ ನಡುವೆ ಇಳಿಯುತ್ತದೆ. ಆ ಬೇರಿನ ಚಾಪೆಯ ಕೆಳಗೆ ನೂರಾರು ವರ್ಷ ಹುಲ್ಲು ಕೊಳೆತು ಆದ ಕಪ್ಪು ಮಣ್ಣಿದೆ; ಅದು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಮಡಿಕೆಗಳಲ್ಲಿರುವ ಕಾಡಿನ ತರಗು ಇನ್ನಷ್ಟು ಹಿಡಿಯುತ್ತದೆ. ಮಂಜು ಕೂಡ ಎಲೆಗೆ ತಾಗಿ ಹನಿಯಾಗಿ ಇಳಿಯುತ್ತದೆ. ಇಷ್ಟೂ ನೀರು ಒಳಗೊಳಗೇ ಜಿನುಗುತ್ತ, ಮಳೆ ನಿಂತು ತಿಂಗಳುಗಳಾದ ಮೇಲೂ ಹೊರಗೆ ಬರುತ್ತಿರುತ್ತದೆ. ಶ್ರಾವಣದಲ್ಲಿ ಇದನ್ನು ನೋಡಲಾಗುವುದಿಲ್ಲ, ಆಗ ಎಲ್ಲ ಕಡೆಯೂ ನೀರು. ವೈಶಾಖದಲ್ಲಿ ನೋಡಹೊರಟರೆ ತಡವಾಯಿತು. ಆಕಾಶ ಬಿಳಿದಾಗಿ, ನೆಲ ಮಾತ್ರ ನೀರನ್ನು ಕೊಡುತ್ತಿರುವುದು ಕಾಣುವುದು ಈ ಶರತ್ಕಾಲದಲ್ಲಿಯೇ.

ಇಂಥ ಹುಲ್ಲನ್ನು ಬಹಳ ಕಾಲ ಜನ ಏನೂ ಬೆಳೆಯದ ಬೀಳೆಂದು ತಿಳಿದಿದ್ದರು. ಹಸಿರೆಂದರೆ ಮರ, ಮರವಿಲ್ಲದ ಕಡೆ ಮರ ಹಾಕುವುದೇ ಪುಣ್ಯ ಎಂಬ ಭಾವನೆಯಿಂದ ಪಶ್ಚಿಮಘಟ್ಟದ ಎಷ್ಟೋ ಹುಲ್ಲುಬೆಟ್ಟಗಳಲ್ಲಿ ಅಕೇಶಿಯಾ, ನೀಲಗಿರಿಗಳನ್ನು ನೆಟ್ಟರು. ವೇಗವಾಗಿ ಬೆಳೆಯುವ ಆ ಮರಗಳು ಹುಲ್ಲಿಗಿಂತ ಹೆಚ್ಚು ನೀರು ಕುಡಿಯುತ್ತವೆಂಬುದು ಆ ಮೇಲೆ ತಿಳಿಯಿತು. ಒಳ್ಳೆಯ ಉದ್ದೇಶದಿಂದ ಮಾಡಿದ್ದಕ್ಕೆಲ್ಲ ಒಳ್ಳೆಯ ಫಲ ಬರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಮುಂದಿನ ತಿರುವುಗಳಲ್ಲಿ ನೀಲಕುರಿಂಜಿ ಕಾಣಿಸಿಕೊಂಡಿತು. ಕಾಲ ಮುಗಿಯುತ್ತ ಬಂದಿದ್ದರಿಂದ ಬಣ್ಣ ಮಾಸಿತ್ತು. ಆದರೂ ಒಂದು ಇಳಿಜಾರಿನ ತುಂಬ ನೀಲಿ. ಹತ್ತಿರದಿಂದ ನೋಡಿದರೆ ಒಂದು ಹೂವು ಅಂಥ ದೊಡ್ಡ ಸುಂದರಿಯೇನೂ ಅಲ್ಲ. ಹನ್ನೆರಡು ವರ್ಷ ಸುಮ್ಮನಿದ್ದು, ಎಲ್ಲ ಗಿಡಗಳೂ ಮಾತಾಡಿಕೊಂಡಂತೆ ಒಮ್ಮೆಗೇ ಅರಳಿ, ಬೀಜ ಚೆಲ್ಲಿ, ಎಲ್ಲವೂ ಸಾಯುತ್ತವೆ; ಆ ಒಗ್ಗಟ್ಟೇ ಅದರ ಸೊಗಸು. ಮುಂದಿನ ಸಲ ಅದು ಅರಳುವುದು 2034ರ ಸುಮಾರಿಗೆ. ನಮ್ಮ ನಾಲ್ವರಲ್ಲಿ ಎಷ್ಟು ಜನ ಬಂದು ನೋಡುತ್ತೇವೋ ಎಂದು ಮೇಷ್ಟ್ರು ಲೆಕ್ಕ ಹಾಕಹೊರಟಾಗ ಬೆಂಗಳೂರಿನವನು ಅವನ ಬಾಯಿಗೆ ಕೋಡುಬಳೆ ತುರುಕಿ ಲೆಕ್ಕವನ್ನು ನಿಲ್ಲಿಸಿದ. ಗೊಂಚಲುಗಟ್ಟಲೆ ಹೂವನ್ನು ಕಿತ್ತು, ಬಾಡಿದ ಮೇಲೆ ದಾರಿಯಲ್ಲಿ ಎಸೆದುಹೋದ ಗುರುತುಗಳು ಅಲ್ಲಲ್ಲಿ ಬಿದ್ದಿದ್ದವು. ಬೀಜವಾಗಬೇಕಾದ ಹೂ ಅದು.

ಹತ್ತೂವರೆಗೆ ಶಿಖರ ಮುಟ್ಟಿದೆವು. ತಂಪು ಹೇಳಬೇಕಾದದ್ದಲ್ಲ, ಸಾವಿರ ಅಡಿ ಏರಿದರೆ ಸುಮಾರು ಎರಡು ಡಿಗ್ರಿ ತಂಪು ಹೆಚ್ಚುತ್ತದೆಂಬ ಲೆಕ್ಕವನ್ನು ಗಾಳಿ ಇನ್ನೂ ಚೆನ್ನಾಗಿ ವಿವರಿಸುತ್ತಿತ್ತು. ಗುಡಿಯಲ್ಲಿ ಕೈಮುಗಿದು ಹೊರಗೆ ಬಂದರೆ, ಒಂದು ಕಡೆ ಬಾಬಾ ಬುಡನ್ ಗಿರಿಯವರೆಗೆ ಬಾಗಿ ಸಾಗುವ ಬೆಟ್ಟಗಳ ಬೆನ್ನು. ಪಶ್ಚಿಮದಲ್ಲಿ ಭದ್ರೆಯ ಕಡೆಗೆ ಇಳಿಯುವ ದಟ್ಟ ಕಾಡು. ಪೂರ್ವದಲ್ಲಿ ಥಟ್ಟನೆ ಬಯಲು. ಕೆರೆಗಳು ನಾಣ್ಯಗಳ ಹಾಗೆ ಅಲ್ಲಲ್ಲಿ ಹೊಳೆಯುತ್ತಿದ್ದವು. ಒಂದು ಚಾಣ ನಮ್ಮ ಕಣ್ಣಿನ ಮಟ್ಟದಲ್ಲಿಯೇ ಗಾಳಿಯಲ್ಲಿ ನಿಂತಿತ್ತು. ಹಕ್ಕಿಯ ಬೆನ್ನನ್ನು ಮೇಲಿನಿಂದ ನೋಡುವ ಭಾಗ್ಯ ಬೆಟ್ಟದ ಮೇಲೆ ಮಾತ್ರ ಸಿಗುವುದು.

ಹಿರಿಯೂರಿನವನನ್ನು ಈಶಾನ್ಯಕ್ಕೆ ತಿರುಗಿಸಿ ನಿಲ್ಲಿಸಿದೆವು. ಈ ಗಿರಿಶ್ರೇಣಿಯ ಪೂರ್ವದ ಮಗ್ಗುಲಲ್ಲಿ ವೇದಾ, ಅವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ತುಂಬುವುದೂ ಈ ಬೆಟ್ಟಗಳ ನೀರಿನಿಂದಲೇ. ಎರಡು ಹೊಳೆಗಳೂ ಕಡೂರಿನ ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಮಾರಿಕಣಿವೆಯಲ್ಲಿ ನಿಲ್ಲುವುದು ವೇದಾವತಿ. ಅಲ್ಲಿಂದ ಮುಂದೆ ಅದು ಹಗರಿಯೆಂಬ ಹೆಸರಿನಲ್ಲಿ ಬಳ್ಳಾರಿಯ ಸೀಮೆಯನ್ನು ದಾಟಿ ತುಂಗಭದ್ರೆಗೆ, ಕೃಷ್ಣೆಗೆ. ಒಂದೇ ಬೆಟ್ಟದ ಹುಲ್ಲಿನ ಮೇಲೆ ಅಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ಕಾವೇರಿಗೂ ಇನ್ನೊಂದು ಕೃಷ್ಣೆಗೂ ಹೋಗಬಹುದಾದ ಜಾಗ ಅದು.

ಅವನು ತುಂಬ ಹೊತ್ತು ನಿಂತ. ಮಾರಿಕಣಿವೆ ಅಲ್ಲಿಂದ ಕಾಣುವುದಿಲ್ಲ, ಬಹಳ ದೂರ. ಕಾಣುವ ಕಡೆಗೇ ನೋಡುತ್ತಿದ್ದ. ಕೊನೆಗೆ, “ಇಷ್ಟು ಹುಲ್ಲೇನಪ್ಪಾ ನಮ್ಮ ಮರಗಳನ್ನ ಹಿಡಕೊಂಡಿರೋದು?” ಎಂದ. ನಮ್ಮ ಮೇಷ್ಟ್ರು ಎಲ್ಲದಕ್ಕೂ ಉತ್ತರ ಹೇಳುವವನು, ಆಗ ಸುಮ್ಮನಿದ್ದ.

ಬುತ್ತಿ ಬಿಚ್ಚಿದೆವು. ಅಕ್ಕಿರೊಟ್ಟಿ, ಕಾಯಿಚಟ್ನಿ, ಬೇಲೂರಿನಿಂದ ಬಂದ ಚಿತ್ರಾನ್ನ, ಮೊಸರನ್ನ. ಬೆಟ್ಟದ ಮೇಲೆ ತಿಂದ ಮೊಸರನ್ನದ ರುಚಿಯನ್ನು ವರ್ಣಿಸಹೊರಟರೆ ಬಾನುಲಿಯವರು ನನಗೆ ಕೊಟ್ಟ ವೇಳೆ ಸಾಲದು. ಹನ್ನೊಂದೂವರೆಗೆ ಪಶ್ಚಿಮದಲ್ಲಿ ಹತ್ತಿಯ ಮೂಟೆಗಳಂಥ ಮೋಡ ಏಳತೊಡಗಿತು. ಚಿತ್ತೆ, ಸ್ವಾತಿ ಮಳೆಗಳ ಗುಣ ಮಲೆನಾಡಿನವರಿಗೆ ತಿಳಿದದ್ದೇ. ಬೆಳಗ್ಗೆಯೆಲ್ಲ ಸಾಧು, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬೋಳು ಶಿಖರದ ಮೇಲೆ ಸಿಡಿಲಿಗೆ ಎದ್ದು ಕಾಣುವ ವಸ್ತು ಮನುಷ್ಯನೇ. ಆದ್ದರಿಂದ ಶರತ್ಕಾಲದಲ್ಲಿ ಬೆಟ್ಟಕ್ಕೆ ಹೋಗುವವರು ಬೆಳಕು ಹರಿಯುತ್ತಲೇ ಹೊರಟು, ಮಧ್ಯಾಹ್ನ ಒಂದು ಗಂಟೆಯೊಳಗೆ ನೆತ್ತಿಯನ್ನು ಬಿಟ್ಟಿರಬೇಕು. ಛತ್ರಿಗಿಂತ ಊರುಗೋಲು ಮುಖ್ಯ. ಇಳಿಯುವಾಗ ಮಂಡಿಯ ಭಾರದಲ್ಲಿ ಒಂದಿಷ್ಟನ್ನು ಅದೇ ಹೊರುತ್ತದೆ. ಹೊಸ ಚಪ್ಪಲಿ, ಹೊಸ ಬೂಟು ಬೇಡ. ತಿಂದ ಎಲೆ ಕಾಗದಗಳನ್ನು ತಂದ ಚೀಲದಲ್ಲೇ ವಾಪಸು ತರಬೇಕೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಹೇಳಬೇಕಾದವರು ಬಾನುಲಿ ಕೇಳುವುದಿಲ್ಲ.

ಇಳಿಯುವಾಗ ಮೆಟ್ಟಿಲುಗಳ ಕಡೆಯಿಂದ ಬಂದು ರಸ್ತೆಯನ್ನು ಹಿಡಿದೆವು. ಅಲ್ಲಿ ರಸ್ತೆಯ ಪಕ್ಕದ ಹುಲ್ಲಿನ ಮೇಲೆ, ಯಾರೋ ಹುಮ್ಮಸ್ಸಿನ ಹುಡುಗರು ಮೋಟಾರ್ ಸೈಕಲ್ಲುಗಳನ್ನು ಹತ್ತಿಸಿ ಇಳಿಸಿದ ಗುರುತು. ಚಕ್ರ ಹಾದಲ್ಲಿ ಹುಲ್ಲಿನ ಚಾಪೆ ಹರಿದು ಕೆಮ್ಮಣ್ಣು ಬಾಯಿಬಿಟ್ಟಿತ್ತು. ಈ ಗಿರಿಯ ಮಣ್ಣು ಕಬ್ಬಿಣದ್ದು. ಸ್ವಲ್ಪ ಉತ್ತರಕ್ಕಿರುವ ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದದ್ದೇ ಅದರಿಂದ. ಒಂದು ಮಳೆಗಾಲದಲ್ಲಿ ಅಂಥ ಗೀರು ಮೊಣಕಾಲುದ್ದದ ಕೊರಕಲಾಗುತ್ತದೆ, ಎರಡು ಮಳೆಗಾಲಕ್ಕೆ ಆಳುದ್ದ. ನೀರು ಆಗ ಜಿನುಗುವುದಿಲ್ಲ, ಮಣ್ಣನ್ನು ಕಿತ್ತುಕೊಂಡು ಓಡುತ್ತದೆ. ಆ ಮಣ್ಣು ಯಾವ ಕೆರೆಯಲ್ಲಿ ಹೂಳಾಗಿ ಕೂರುತ್ತದೆಂದು ಕೊರೆದವನಿಗೆ ಗೊತ್ತಿರುವುದಿಲ್ಲ.

ಹಿರಿಯೂರಿನವನು ಊರುಗೋಲನ್ನು ಕೆಳಗಿಟ್ಟ. ದಾರಿಯ ಬದಿಯಿಂದ ಬೊಗಸೆಯಷ್ಟು ದಪ್ಪದ ಕಲ್ಲೊಂದನ್ನು ತಂದು ಆ ಗೀರಿಗೆ ಅಡ್ಡವಾಗಿ ಇಟ್ಟ. ಇನ್ನೊಂದು ತಂದ. ಕಾಲುವೆಯಲ್ಲಿ ನೀರು ತಿರುಗಿಸಿ ಅಭ್ಯಾಸವಾದ ಕೈ. ಎಲ್ಲಿ ಇಟ್ಟರೆ ನೀರಿನ ಓಟ ಮುರಿಯುತ್ತದೆಂದು ನೋಡಿ ನೋಡಿ ಇಡುತ್ತಿದ್ದ. ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಬೇರಿನ ಕಡೆ ಕೆಳಗೆ ಮಾಡಿ ಕಾಲಿನಿಂದ ಒತ್ತಿದ. ಬೆಂಗಳೂರಿನವನು ಮೊದಲು ನಕ್ಕ, ಆಮೇಲೆ ತಾನೂ ಕಲ್ಲು ಹೊತ್ತ. ಅರ್ಧ ಗಂಟೆಯಲ್ಲಿ ಹತ್ತು ಹನ್ನೆರಡು ಅಡ್ಡಗಟ್ಟುಗಳಾದವು. ಜೀಪಿನಲ್ಲಿ ಹೋಗುತ್ತಿದ್ದ ಮಂದಿ ನಮ್ಮನ್ನು ಇಲಾಖೆಯ ಕೂಲಿಗಳೆಂದು ತಿಳಿದು, ಮೆಟ್ಟಿಲು ಇನ್ನೂ ಎಷ್ಟು ದೂರ ಎಂದು ವಿಚಾರಿಸಿದರು. ಮೇಷ್ಟ್ರು ಕೂಲಿಯವನ ಗತ್ತಿನಲ್ಲಿಯೇ, “ಇನ್ನೇನು ಬಂತು, ಇಳಿದು ನಡೀರಿ ಸ್ವಾಮಿ,” ಎಂದ. ಅವರು ಇಳಿಯಲಿಲ್ಲ. ಮೊದಲ ಹನಿ ಬಿದ್ದದ್ದು ನಾವು ಸೀತಾಳಯ್ಯನಗಿರಿಯ ಹತ್ತಿರ ಬಂದಾಗ.

ಈಚೆಗೆ ಗಿರಿಗೆ ಹೋಗುವ ವಾಹನಗಳಿಗೆ ಮಿತಿ ಹಾಕಿ ಮುಂಗಡ ನೋಂದಣಿಯ ಕ್ರಮವನ್ನು ತಂದಿದ್ದಾರೆ. ಅದು ಇನ್ನೂ ಹತ್ತು ವರ್ಷ ಮೊದಲೇ ಬರಬೇಕಾಗಿತ್ತೆಂದು ನನ್ನ ಅಭಿಪ್ರಾಯ. ನಡೆಯಬಲ್ಲ ಕಾಲಿರುವವರು ಕೈಮರದ ಹತ್ತಿರವೇ ಇಳಿದು ನಡೆದರೆ ಆ ಕ್ರಮಕ್ಕೂ ಕೆಲಸ ಕಡಿಮೆಯಾದೀತು.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಆ ವೇಳೆಗೆ ಭದ್ರೆಯ ನೀರನ್ನೂ ಎತ್ತಿ ಅದಕ್ಕೆ ಹರಿಸುತ್ತಿದ್ದರು. ಹಿರಿಯೂರಿನವನು ಆ ಸಂಜೆ ದೂರವಾಣಿಯಲ್ಲಿ, “ಮೇಷ್ಟ್ರಿಗೆ ಹೇಳು. ಭದ್ರೆಗೂ ನೀರು ಬರೋದು ಅದೇ ಬೆಟ್ಟದ ಆಚೆ ಮಗ್ಗುಲಿಂದ. ಈಗ ಎರಡು ಕಡೆದೂ ನಮ್ಮದೇ,” ಎಂದು ನಕ್ಕ. ಹೊಸದಾಗಿ ಹಾಕಿದ ತೆಂಗಿನ ಸಸಿಗಳು ಎದೆಯೆತ್ತರ ಬಂದಿವೆಯಂತೆ. ಬರುವ ಚಿತ್ತೆಗೆ ಅಯ್ಯನಕೆರೆಯ ಕಡೆಯಿಂದ ಹೊರಟು ವೇದಾ ಹೊಳೆ ಇಳಿದುಬರುವ ದಾರಿಯನ್ನು ನಡೆದು ನೋಡಬೇಕೆಂದು ಅವನ ಆಸೆ. ಚಿತ್ರಾನ್ನದ ಜವಾಬ್ದಾರಿ ಬೇಲೂರಿನದೇ ಎಂದು ಈಗಾಗಲೇ ಗೊತ್ತುಮಾಡಿದ್ದಾನೆ.